ಫಿಕ್ಸ್ಡ್ ಪ್ರೈಸ್ ಅಂಗಡಿಯ ಮೊದಲ ಬೋಣಿ

ಕೃಷ್ಣಾನಂದ ಹೆಗಡೆಯವರ ಜವಳಿ ಅಂಗಡಿಗೆ ಇಂಗ್ಲಿಷ್ ಕಾಲಿಟ್ಟದ್ದು ನೇರವಾಗಿ ಅವರ ತಲೆಯ ಮೇಲೆ!

ಹುಬ್ಬಳ್ಳಿಯಲ್ಲಿ ಬರೆಸಿ ತಂದ ಬೋರ್ಡು. ಕೆಂಪು ನೆಲ, ಹಳದಿ ಅಕ್ಷರ: ‘ಫಿಕ್ಸ್ಡ್ ಪ್ರೈಸ್ ಓನ್ಲಿ. ನೋ ಬಾರ್ಗೇನಿಂಗ್.’ ಹೆಗಡೆಯವರು ಸ್ವತಃ ಸ್ಟೂಲು ಹತ್ತಿ, ಸ್ವಹಸ್ತದಿಂದ ಮೊಳೆ ಹೊಡೆದು, ಕೆಳಗಿಳಿದು, ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಂತರು. “ಸುಬ್ಬೀ, ಇನ್ನು ಈ ಅಂಗಡೀಲಿ ಬ್ರಹ್ಮ ಬಂದು ಕೇಳಿದ್ರೂ ಒಂದು ಪೈಸೆ ಇಳೀತಿಲ್ಲೆ!” ಎಂದು ಘೋಷಿಸಿದರು. ಆ ಶುಭ ಮುಹೂರ್ತದಲ್ಲೇ ಬೋರ್ಡು ಇಳಿಯಿತು.

ತಲೆಯ ಬುಗುಟಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತ ಹೆಂಡತಿ ಸುಬ್ಬಲಕ್ಷ್ಮಿ ಹೇಳಿದರು: “ಮೊದ್ಲು ಬೋರ್ಡು ಫಿಕ್ಸ್ ಆಗ್ಲಿ. ಪ್ರೈಸು ಮತ್ತೆ ನೋಡ್ವ.”

ಇದು ನಡೆದದ್ದು ಕುಮಟೆಯಲ್ಲಿ, ಎಪ್ಪತ್ತೊಂಬತ್ತನೇ ಇಸವಿಯಲ್ಲಿ. ನೂಲಿನ ಸೀರೆಗಳು ಹಿಂದೆ ಸರಿದು, ಇಸ್ತ್ರಿಯ ಹಂಗಿಲ್ಲದ ಪಾಲಿಯೆಸ್ಟರು ಪೇಟೆಯಲ್ಲಿ ಮೆರೆಯತೊಡಗಿದ್ದ ಕಾಲ. ಮುಂಬಯಿಯ ಒಂದು ದೊಡ್ಡ ಮಿಲ್ಲು ಕುಮಟೆಯಲ್ಲಿ ಒಂದೇ ಒಂದು ಅಂಗಡಿಗೆ ತನ್ನ ಏಜೆನ್ಸಿ ಕೊಡುವುದಾಗಿ ಕಾಗದ ಬರೆದಿತ್ತು. ಶರತ್ತೂ ಒಂದೇ: ಚೀಟಿಯಲ್ಲಿ ಬರೆದ ದರಕ್ಕೇ ಮಾರಬೇಕು, ಚೌಕಾಶಿ ಕೂಡದು. ಮಂಗಳವಾರ ಮಿಲ್ಲಿನ ಮನುಷ್ಯ ಬಂದು ಕಣ್ಣಾರೆ ನೋಡಿ ಹೋಗುತ್ತಾನೆ.

ಈ ಏಜೆನ್ಸಿ ಸಿಗದಿದ್ದರೆ ಹೆಗಡೆಯವರು ತಲೆಯೆತ್ತಿ ತಿರುಗುವಂತಿರಲಿಲ್ಲ. ಕಾರಣ, ಭಟ್ಕಳದ ಷಡ್ಡಕ! ಅವನಿಗೆ ರೇಡಿಯೋ ಕಂಪನಿಯ ಏಜೆನ್ಸಿ ಸಿಕ್ಕಿ ಎರಡು ವರ್ಷವಾಗಿತ್ತು. ಅಂದಿನಿಂದ ಮಾವನ ಮನೆಯ ಪಂಕ್ತಿಯಲ್ಲಿ ಕೂತರೆ ಸಾಕು, ಸಾರಿಗೊಮ್ಮೆ “ನಮ್ಮ ಕಂಪನಿ”, ಪಾಯಸಕ್ಕೊಮ್ಮೆ “ನಮ್ಮ ಕಂಪನಿ”. ಹೆಗಡೆಯವರಿಗೆ ಎರಡನೇ ಸಲ ಪಾಯಸ ಕೇಳಲೂ ನಾಲಿಗೆ ಏಳುತ್ತಿರಲಿಲ್ಲ.

ಆದ್ದರಿಂದ ಸಿದ್ಧತೆ ಯುದ್ಧೋಪಾದಿಯಲ್ಲಿ ನಡೆಯಿತು. ವ್ಯಾಪಾರದ ಇಂಗ್ಲಿಷ್ ಕಲಿಸುವ ಒಂದೂಕಾಲು ರೂಪಾಯಿಯ ಪುಸ್ತಕವನ್ನು ಅವರು ವಿಷ್ಣುಸಹಸ್ರನಾಮದಂತೆ ಬಾಯಿಪಾಠ ಮಾಡಿದರು. “ಸೆಲ್ಲಿಂಗ್ ಲೈಕ್ ಹಾಟ್ ಕೇಕ್ಸ್!” ಎಂದು ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗರ್ಜಿಸಿದರು.

“ಹಾಂಗಂದ್ರೆ ಎಂತದು?”

“ಬಿಸಿ ಕೇಕಿನ ಹಾಂಗೆ ಖರ್ಚಾಗ್ತು ಹೇಳಿ.”

“ಕುಮಟೇಲಿ ಬಿಸಿ ಕೇಕು ಯಾರು ಕಂಡಿದ್ದ? ಬಿಸಿ ಬನ್ಸು ಹೇಳಿ, ನಾಲ್ಕು ಜನ ಬಂದ್ರೂ ಬರ್ತ.”

ಹೆಗಡೆಯವರಿಗೆ ಇಂಗ್ಲಿಷ್ ಬಂದಿತ್ತು, ಟೈ ಬಂದಿತ್ತು, ಬೋರ್ಡೂ ಮರಳಿ ಗೋಡೆಗೆ ಬಂದಿತ್ತು. ಹೋಗದೆ ಉಳಿದದ್ದು ಒಂದೇ, ಬೋಣಿಯ ಭಯ. ದಿನದ ಮೊದಲ ಗಿರಾಕಿ ಬರಿಗೈಯಲ್ಲಿ ಮೆಟ್ಟಿಲಿಳಿದರೆ ಆ ದಿನ ನೊಣ ಹೊಡೆಯುವುದೇ ಗತಿ. ಇದು ಅವರ ಅಜ್ಜನ ಸಿದ್ಧಾಂತ, ಅಪ್ಪನ ಸಿದ್ಧಾಂತ, ಇಡೀ ಪೇಟೆಯ ಸಿದ್ಧಾಂತ. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಪಾಠವೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಎಂಟೂವರೆ. ಅಂಗಡಿಯ ಹಿಂದೆಯೇ ಇದ್ದ ಮನೆಯಿಂದ ಹೆಗಡೆಯವರು ಬಿಳಿ ಟೆರಿಲಿನ್ ಶರ್ಟು, ಕೆಂಪು ಟೈ ಧರಿಸಿ ಗಲ್ಲಾಪೆಟ್ಟಿಗೆಗೆ ಬಂದು ಆಸೀನರಾದರು. ಹತ್ತು ನಿಮಿಷದಲ್ಲಿ ಫೈಲು ಹಿಡಿದ ಒಬ್ಬರು ಮೆಟ್ಟಿಲು ಹತ್ತಿದರು.

“ಮಹಾಗಣಪತಿ ನಾಯಕ. ಫ್ರಮ್ ದಿ ಮಿಲ್.”

“ವೆಲ್‌ಕಮ್ ಸರ್! ಕಸ್ಟಮರ್ ಈಸ್ ಕಿಂಗ್!”

“ನಾನು ಕಸ್ಟಮರ್ ಅಲ್ಲ. ನಿಮ್ಮ ವ್ಯಾಪಾರ ನೀವು ಮಾಡಿ, ನಾನು ನೋಡ್ತಾ ಇರ್ತೇನೆ,” ಎಂದು ನಾಯಕರು ಬೆಂಚಿನ ತುದಿಯಲ್ಲಿ ಕೂತು ನೋಟ್‌ಬುಕ್ ತೆರೆದರು.

ಆಗ ಬಂದಳು, ತದಡಿಯ ನಾಗಿ! ಮೀನಿನ ಬುಟ್ಟಿಯನ್ನು ಮೆಟ್ಟಿಲ ಕೆಳಗಿಳಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ಕೂತಳು. ಹೆಗಡೆಯವರ ಎದೆ ಹಿಗ್ಗಿತು, ಮರುಕ್ಷಣ ಕುಗ್ಗಿತು. ನಾಗಿಯ ಕೈಗುಣ ಪೇಟೆಗೆಲ್ಲ ಪ್ರಸಿದ್ಧ. ಅವಳು ಬೋಣಿ ಮಾಡಿದ ದಿನ ದೀಪ ಹಚ್ಚುವವರೆಗೂ ಗಿರಾಕಿ. ಅವಳ ಚೌಕಾಶಿಯೂ ಅಷ್ಟೇ ಪ್ರಸಿದ್ಧ.

“ಮಗಳಿಗೆ ಏಳು ತಿಂಗ್ಳು ಹೆಗಡೇರೆ. ಬಯ್ಕೆಗೆ ಒಂದು ಸೀರೆ ಕೊಡಿ. ಈ ಹಸ್ರುದು ಎಷ್ಟು?”

“ನಲವತ್ತೆಂಟು.”

“ಎಂತದ್ರಾ! ನಾ ಕೇಳದ್ದು ಸೀರೆದು, ಅಂಗ್ಡಿದಲ್ಲ. ನಲವತ್ತು.”

“ನಾಗೀ, ಈಗ ಫಿಕ್ಸ್ಡ್ ಪ್ರೈಸು. ಬೋರ್ಡು ನೋಡು.”

“ನಂಗೆ ಓದೂಕೆ ಬತ್ತಿಲ್ಲ. ಎಂತ ಬರದದ್ದು?”

“ಚೌಕಾಶಿ ಇಲ್ಲ ಅಂತ.”

“ಹೌದಾ? ಅದು ಓದೂಕೆ ಬರೋರಿಗಾತು. ನಲವತ್ತೊಂದು.”

ನಾಯಕರ ಪೆನ್ನು ಕಾಗದದ ಮೇಲೆ ಬಂದು ನಿಂತಿತು. ಹೆಗಡೆಯವರು ಎದೆ ಸೆಟೆಸಿ, “ನಲವತ್ತೆಂಟು. ಓನ್ಲಿ!” ಎಂದರು.

“ಆತು ಹಂಗಾರೆ. ನಾ ಹೋತೆ,” ಎಂದು ನಾಗಿ ಎದ್ದಳು. ಒಂದು ಮೆಟ್ಟಿಲು ಇಳಿದೂ ಬಿಟ್ಟಳು!

ಹೆಗಡೆಯವರ ಕಣ್ಣೆದುರು ಅಜ್ಜ, ಅಪ್ಪ ಸಾಲಾಗಿ ನಿಂತು ತಲೆ ಚಚ್ಚಿಕೊಂಡರು. ಒಂದು ಕಡೆ ಬೋಣಿ, ಇನ್ನೊಂದು ಕಡೆ ಏಜೆನ್ಸಿ! ದರ ಇಳಿಸುವಂತಿಲ್ಲ, ನಾಗಿ ಇಳಿಯುವಂತಿಲ್ಲ. ಆಪತ್ಕಾಲಕ್ಕೆ ಪುಸ್ತಕದ ಹದಿನೇಳನೇ ಪಾಠ ನೆನಪಾಯಿತು.

“ನಿಲ್ಲು ನಾಗೀ! ದರ ನಲವತ್ತೆಂಟೇ. ಆದ್ರೆ ಜೊತೆಗೊಂದು ರವಿಕೆ ಕಣ. ಬಿಟ್ಟಿ ಅಲ್ಲ, ಸರ್,” ಅವರು ನಾಯಕರತ್ತ ತಿರುಗಿದರು, “ಕಾಂಪ್ಲಿಮೆಂಟರಿ!”

ನಾಯಕರ ಹುಬ್ಬು ಅರ್ಧ ಇಂಚು ಮೇಲೇರಿತು. ನಾಗಿ ಮೆಟ್ಟಿಲು ವಾಪಸು ಹತ್ತಿದಳು.

“ಅದೆಂತ ಹೇಳ್ದ್ರಿ? ಇನ್ನೊಂದು ಸಲ ಹೇಳಿ.”

“ಕಾಂಪ್ಲಿಮೆಂಟರಿ.”

“ಚೊಲೋ ಇತ್ತು. ನಾನೂ ಹತ್ತು ಬಂಗಡೆಗೆ ಮೇಲೊಂದು ಹಾಕ್ತೆ. ಹಾಕ್ದಿರೆ ಗಿರಾಕಿ ಏಳೂದಿಲ್ಲ. ಆದ್ರೆ ಅದು ಹತ್ತು ಬಂಗಡೆಗೆ. ನಲವತ್ತೆಂಟು ರೂಪಾಯ್ಗೆ ಬರೀ ಒಂದು ಕಣನಾ?”

ಮತ್ತೆ ಅವಳ ಕಾಲು ಮೆಟ್ಟಿಲ ಕಡೆಗೆ! ಹೆಗಡೆಯವರು ಲಂಗದ ಬಟ್ಟೆ ಹರಿದರು: “ಇಂಟ್ರೊಡಕ್ಟರಿ ಆಫರ್!” ಹುಟ್ಟಲಿರುವ ಮಗುವಿಗೆ ಎರಡು ಮೊಳ ಮೆತ್ತನೆಯ ಮಲ್ಲು ಬಟ್ಟೆ ಸೇರಿತು: “ಫ್ರೀ ಗಿಫ್ಟ್!” ಮಗು ಎಂದ ಮೇಲೆ ಅದಕ್ಕೊಬ್ಬ ಅಪ್ಪನಿರಬೇಕಲ್ಲ! ಅಳಿಯನಿಗೊಂದು ಪಂಚೆ: “ಫ್ಯಾಮಿಲಿ ಪ್ಯಾಕ್!” ದರ ಮಾತ್ರ ನಲವತ್ತೆಂಟರಲ್ಲಿ ಹಿಮಾಲಯದಂತೆ ಅಚಲ! ಅಷ್ಟರಲ್ಲಿ ಬಾಗಿಲಲ್ಲಿ ಏಳೆಂಟು ಜನ ಸೇರಿದ್ದರು. ಹೊಳನಗದ್ದೆಯ ಸುಕ್ರಿಯಂತೂ, “ಹೆಗಡೇರೆ, ನಂಗೆ ಸೀರೆ ಬ್ಯಾಡ, ಆ ಕಾಂಪ್ಲಿಮೆಂಟ್ರಿ ಒಂದೇ ಸಾಕು,” ಎಂದು ಕೈಚಾಚಿದಳು.

ಕೊನೆಗೂ ನಾಗಿ ಸೊಂಟದ ಸಂಚಿ ಬಿಚ್ಚಿ ನಲವತ್ತೆಂಟು ರೂಪಾಯಿ ಕೊಟ್ಟಳು. ಹೆಗಡೆಯವರು ಅದನ್ನು ಕಣ್ಣಿಗೊತ್ತಿ ಗಲ್ಲಾಪೆಟ್ಟಿಗೆಗೆ ಹಾಕಿ, “ಬೋಣಿ ಆತು!” ಎಂದು ಉಸಿರು ಬಿಟ್ಟರು.

“ಎಲ್ಲಿ ಆತು? ಬುಟ್ಟಿ ಯಾರು ಎತ್ತಿ ಕೊಡ್ತ್ರು?”

ತುಂಬಿದ ಬುಟ್ಟಿಯನ್ನು ಇನ್ನೊಬ್ಬರು ಕೈಕೊಟ್ಟು ತಲೆಗೇರಿಸಬೇಕು. ಬಾಗಿಲ ಜನವೆಲ್ಲ ಹೆಗಡೆಯವರ ಮುಖ ನೋಡಿದರು. ಹುಟ್ಟಿದಾಗಿನಿಂದ ಮೀನಿನ ಬೀದಿಯನ್ನೇ ಬಳಸಿ ನಡೆದ ಆ ಬ್ರಾಹ್ಮಣ, “ಆಫ್ಟರ್ ಸೇಲ್ಸ್ ಸರ್ವಿಸ್,” ಎಂದು ಕ್ಷೀಣ ಸ್ವರದಲ್ಲಿ ಗೊಣಗುತ್ತ ಮೆಟ್ಟಿಲಿಳಿದು ಬುಟ್ಟಿ ಎತ್ತಿದರು. ಬುಟ್ಟಿಯ ತಳದಿಂದ ಬಂಗಡೆಯ ನೀರು ಕೆಂಪು ಟೈಯಗುಂಟ ಹರಿದು, ಟೆರಿಲಿನ್ ಶರ್ಟಿನಲ್ಲಿ ಅಘನಾಶಿನಿ ಹೊಳೆಯಂತೆ ಕವಲೊಡೆಯಿತು.

ತಿರುಗಿ ನೋಡಿದರೆ ನಾಯಕರು ನೋಟ್‌ಬುಕ್ಕಿನಲ್ಲಿ ಒಂದು ಸಾಲನ್ನು ಉದ್ದಕ್ಕೂ ಹೊಡೆದು ಹಾಕುತ್ತಿದ್ದರು.

“ಸರ್, ದರ ಇಳಿಸ್ಲಿಲ್ಲ ನೋಡಿ! ಪ್ರೈಸ್ ಫಿಕ್ಸ್ಡ್!”

“ಪ್ರೈಸ್ ಫಿಕ್ಸ್ಡೇ ಹೆಗಡೇರೆ. ಓನರ್ ಲೂಸು,” ಎಂದ ನಾಯಕರು ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿದು, ಎದುರಿನ ಜವಳಿ ಅಂಗಡಿಗೆ ನಡೆದರು.

ಕಾಫಿಯ ಲೋಟ ಹಿಡಿದು ಬಂದ ಸುಬ್ಬಲಕ್ಷ್ಮಿ ಮೊದಲು ಮೂಗು ಮುರಿದರು, ಆಮೇಲೆ ಹೋಗುತ್ತಿದ್ದವರ ಬೆನ್ನು ನೋಡಿದರು.

“ಏಜೆನ್ಸಿ ಹೋತು ಸುಬ್ಬೀ,” ಹೆಗಡೆಯವರು ಬೆಂಚಿನ ಮೇಲೆ ಕುಸಿದರು. “ಆದ್ರೆ ನೀನೇ ಹೇಳು, ಬೋಣಿ ಆಗದ್ದೆ ನಾಗೀನ ಕಳ್ಸೂಲೆ ಆಗ್ತಿತ್ತಾ?”

“ಬೋಣಿಯಾ? ಅದು ಆರೂವರೆಗೇ ಆಯ್ದು! ನಿಂಗ ಒಳಗೆ ಕನ್ನಡಿ ಎದುರು ‘ಮೇ ಐ ಹೆಲ್ಪ್ ಯೂ’ ಹೇಳ್ತಾ ಇದ್ದಿದ್ರಿ. ಬಸ್ಸಿಳಿದವ ಒಬ್ಬ ಬಂದು ಬಾಗ್ಲು ಬಡಿದ, ಮೀಯೂಲೆ ಟವೆಲ್ ಬೇಕು ಹೇಳಿ. ಎಂಟು ರೂಪಾಯಿ ಅಂದೆ. ಆರಕ್ಕೆ ಕೇಳ್ದ, ಆನು ಆಗ್ತಿಲ್ಲೆ ಅಂದೆ. ಎಂಟೂ ಕೊಟ್ಟ, ‘ವೆರಿ ಗುಡ್’ ಹೇಳಿ ಪುಸ್ತಕದಲ್ಲಿ ಎಂತದೋ ಬರಕಂಡ.” ಸುಬ್ಬಲಕ್ಷ್ಮಿ ಲೋಟವನ್ನು ಬೆಂಚಿನ ಮೇಲಿಟ್ಟು ರಸ್ತೆಯತ್ತ ಕೈ ತೋರಿಸಿದರು. “ಅಗಾ, ಈಗ ಹೋದ್ನಲಾ, ಅವನೇ.”