ಮಿಶ್ರಿ ಡಬ್ಬಿ, ಮಗಳ ಮುಂಗೈ

ಹಲ್ಲಿನ ದವಾಖಾನಿಯೊಳಗ ಕೆಲಸಾ ಮಾಡೋರು ನಗು ಹುಡಿಕ್ಕೊಂಡು ಹೋಗಬೇಕಾಗಿಲ್ಲ, ಅದು ತಾನಾ ಬಾಯಿ ತಕ್ಕೊಂಡು ಬಂದು ಕುಂದರ್ತೈತಿ. ಸಮುದ್ರದ ದಂಡಿ ಕಡೆ ಸಾಂಕೋಲೆ ಊರಾಗ ಒಂಬತ್ತು ವರ್ಷದಿಂದ ನಾ ಹಲ್ಲಿನ ಡಾಕ್ಟರ್ ಬಾಯಾರ ಕೈಕೆಳಗ ಅದೇನಿ. ಅವರಿಗೆ ಕೊಂಕಣಿ, ಹಿಂದಿ ಬರ್ತಾವು. ಇಲ್ಲಿಗೆ ದುಡಿಯಾಕ ಬಂದ ನಮ್ಮ ಮಂದಿಗೆ ವಿಜಾಪುರ ಕಡೆ ಮಾತು ಬಿಟ್ರ ಬ್ಯಾರೇದು ಸರಿ ಬರಂಗಿಲ್ಲ. ನಡುವ ಮಾತು ಮುಟ್ಟಸಾಕಿ ನಾನ.

ಆದ್ರ ಈಗ ಹೇಳೋ ಎಂಟು ದಿನ ನನಗ ಯಾವ ನಗುವೂ ಬ್ಯಾಡಾಗಿತ್ತು. ಇಪ್ಪತ್ತೆರಡು ವರ್ಷದ ಮಗಳು ಬಚ್ಚಲದಾಗ ಜಾರಿ ಬಲಗೈ ಊರಿದ್ಲು. ಅಷ್ಟ, ಮುಂಗೈ ಎಲಬು ಮುರೀತು. ಎಲಬಿನ ಡಾಕ್ಟರು ಪ್ಲಾಸ್ಟರ್ ಹಾಕಿ, "ಇಷ್ಟಕ್ಕ ಮುರೀಬಾರದಿತ್ತು. ಎಲಬಿನ ಶಕ್ತಿ ನೋಡಬೇಕು. ಎಂಟು ದಿನಕ್ಕ ರಿಪೋರ್ಟ್ ಬರ್ತೈತಿ" ಅಂದ್ರು. ಹುಡುಗಿ ಮೈಯಾಗ ಮುದುಕಿ ಎಲಬು ಇದ್ರ ಮುಂದ ಹೆಂಗವ್ವಾ?

ಮೂರು ಸರ್ತಿ

ಮರುದಿನ ಗಲ್ಲ ಬಾತ, ಗೋಡಿ ಕಟ್ಟೋ ಗೌಂಡಿ ಒಬ್ಬಂವ ಬಂದ. ಡಾಕ್ಟರ್ ಬಾಯಾರು, "ದಿನಾ ಹಲ್ಲು ತಿಕ್ತಾನಂತೇನು ಕೇಳು" ಅಂದ್ರು.

"ದಿನಾ ಮೂರು ಸರ್ತಿ ತಿಕ್ತೇನ್ರಿ!" ಅಂದ ಎದಿ ಉಬ್ಬಿಸಿ. ಬಾಯಿ ನೋಡಿದ್ರ ರೊಟ್ಟಿ ಹಂಚು.

"ಏನು ಹಚ್ಚಿ ತಿಕ್ತೀಯೋ ಅಣ್ಣಾ?"

"ಮಿಶ್ರಿ ರೀ."

ಮಿಶ್ರಿ ಅಂದ್ರ ತಂಬಾಕು ಕರ್ರಗ ಹುರದು ಮಾಡಿದ ಪುಡಿ. ಬೆರಳಿಗೆ ಹಚ್ಚಿ ಹಲ್ಲಿಗೆ ತಿಕ್ಕೋದು. ಹಲ್ಲು ಸ್ವಚ್ಛ ಆಕ್ಕಾವು ಅಂತ ಹೆಸರು, ಖರೇ ಬೇಕಾಗಿದ್ದು ತಲಿಗೆ ಏರೋ ಆ ಗುಂಗು. ಮಗಳ ಚಿಂತಿ ಸಿಟ್ಟೆಲ್ಲಾ ಸೇರಿಸಿ ಆ ಅಣ್ಣಗ ಚೆನ್ನಾಗಿ ಬೈದೆ. ಖರೇ ಹೇಳಬೇಕಂದ್ರ ನಾನೂ ಮಿಶ್ರಿ ತಿಕ್ಕಾಕಿನ. ದವಾಖಾನ್ಯಾಗ ಯಾರಿಗೂ ಗೊತ್ತಿರಲಿಲ್ಲ.

ಬಾಯಾರು ಪಾಪ, ಅವಗ ಒಂದು ಹೊಸಾ ಬ್ರಶ್ ಕೊಟ್ಟು, "ಬೆರಳು ಬಿಡು, ಇದರ್ಲೆ ತಿಕ್ಕು" ಅಂದ್ರು. ಮೂರು ದಿನ ಬಿಟ್ಟು ನಕ್ಕೋತ ಬಂದ.

"ಬ್ರಶ್ ಭಾಳ ಚಲೋ ಐತ್ರಿ ಅಕ್ಕಾರ. ಮಿಶ್ರಿ ಮೂಲಿಮೂಲಿಗೂ ಹೋಗ್ತೈತಿ."

ಬಿಸಲಿನ ಔಷಧ

ಎಲಬಿನ ಡಾಕ್ಟರು ಮೈಗೆ ಬಿಸಲು ತಾಗಲಿ ಅಂದಿದ್ರು. ನನ್ನ ಮಗಳಿಗೆ ಬಿಸಲು ಎಲ್ಲಿಂದ ಬರಬೇಕು? ಫ್ಯಾಕ್ಟರಿ ಬಸ್ಸು ಹೊತ್ತು ಹುಟ್ಟೂದಕ್ಕ ಮೊದಲ ಒಯ್ತೈತಿ, ಹೊತ್ತು ಮುಳಗಿದ ಮ್ಯಾಲ ತಂದು ಬಿಡ್ತೈತಿ. ಆಯಿತ್ವಾರ ಹೊರಗ ಹೊಂಟ್ರ ಕಪ್ಪಾದೇನಂತ ಮಾರಿಗೆ ದುಪಟ್ಟಾ ಸುತ್ತಿ ಕಣ್ಣಷ್ಟ ಬಿಟ್ಟಿರ್ತಾಳ.

ನಮ್ಮ ಕಾಕು, ಅಂದ್ರ ಚಿಕ್ಕಪ್ಪನ ಹೇಣ್ತಿ, ಕಾಣಕೋಣ ಕಡೆ ಬೀಚಿನ್ಯಾಗ ಮಣಿಸರಾ ಮಾರ್ತಾಳ. ಆಯಿತ್ವಾರ ಬಸ್ಸು ಹತ್ತಿ ಅಲ್ಲಿಗೆ ಹೋದ್ವಿ. ಸುತ್ತಲೂ ಪರದೇಶದ ಮಂದಿ ಚಡ್ಡಿ ಮ್ಯಾಲ ಬಿಸಲಿಗೆ ಮಲಗ್ಯಾರ, ನಡುವ ನಾವಿಬ್ಬರು. "ತೋಳು ಏರಸ, ಕಾಲು ಚಾಚ" ಅಂತ ಮಗಳಿಗೆ ಹೇಳಿ ಬಾಜೂಕ ಕುಂತೆ. ಹಣಿ ಮ್ಯಾಲ ಬೆವರು ನೋಡಿ ತಡಕೊಳ್ಳಾಕ ಆಗಲಿಲ್ಲ. ಎಲಬು ಗಟ್ಟಿ ಆಗ್ಲೆವ್ವಾ ಅಂತ ಬೇಡ್ಕೋತ ತಾಸೊತ್ತು ಅಲ್ಲೇ ಕುಂತಿದ್ದೆ.

ಸರಾ ಮಾರಿಕೊಂಡು ತಿರಿಗಿ ಬಂದ ಕಾಕು ನಮ್ಮನ್ನ ನೋಡಿ ಸೊಂಟದ ಮ್ಯಾಲ ಕೈ ಇಟ್ಟು ನಿಂತ್ಲು.

"ಅಲ್ಲ, ಬಿಸಲು ಬೇಕಂತ ಇಷ್ಟು ದೂರ ಬಂದೀರಿ. ಮತ್ತ ಹುಡುಗಿ ತಲಿ ಮ್ಯಾಲ ಛತ್ರಿ ಯಾಕ ಹಿಡದೀಯ?"

ಬಚ್ಚಲದ ಗಾದಿ

ಬಲಗೈ ಪ್ಲಾಸ್ಟರಿನ್ಯಾಗ ಇದ್ದಾಕಿ ಹಲ್ಲು ಹೆಂಗ ತಿಕ್ಕಬೇಕು? ನಾನ ತಿಕ್ಕಿ ಕೊಡ್ತೇನಂದ್ರ ಸುತಾರಾಂ ಒಪ್ಪಲಿಲ್ಲ. "ಎಡಗೈಲೆ ಆಕ್ಕೈತಿ, ನೀ ಹೋಗವ್ವಾ" ಅಂತ ಬಾಗಲಾ ಹಾಕ್ಕೊಂಡು ಇಪ್ಪತ್ತು ಮಿನಿಟು ಒಳಗ. ನಾ ಹೊರಗ ನಿಂತು ನಿಮಿಷಕ್ಕೊಮ್ಮೆ, "ಜಾರೀದಿ, ಹುಷಾರ! ನಿಂತೀಯಿಲ್ಲೋ?" ಅಂತ ಒದರೂದು.

ಮರುದಿನ ಅಕಿ ಏಳೂದ್ರಾಗ ಬಚ್ಚಲದ ತುಂಬ ಗೋಣಿಚೀಲ ಹಾಸಿದೆ, ಅದರ ಮ್ಯಾಲ ಹಳೀ ಕೌದಿ. ಎಲ್ಲಿ ಬಿದ್ರೂ ಮೆತ್ತಗ ಬೀಳಲಿ ಅಂತ. ಸರಿ ಆತಿಲ್ಲೋ ನೋಡೂಣು ಅಂತ ಕಾಲಿಟ್ಟೆ. ಕೌದಿ ಕಾಲಿಗೆ ತೊಡಕಿ ಧಪ್ಪಂತ ಬಿದ್ದೆ. ಮಗಳು ಓಡಿ ಬಂದು ಎಡಗೈಲೆ ಎತ್ತಿ ಕುಂಡರಿಸಿದ್ಲು.

"ಅವ್ವಾ, ಮುರಕೊಂಡಾಕಿ ನಾ ಒಬ್ಬಾಕಿ ಸಾಕಾಗಿತ್ತು."

ರಿಪೋರ್ಟ್

ಎಂಟನೇ ದಿನ ಎಲಬಿನ ಡಾಕ್ಟರು ಕಾಗದ ಓದಾಕತ್ರು.

"ಗಾಬರಿ ಆಗಬ್ಯಾಡ್ರಿ" ಅಂದ್ರು. "ಎಲಬು ಅಶಕ್ತ ಆಗ್ಯಾವು. ಬಿಸಲಿಲ್ಲ, ಹಾಲು-ತತ್ತಿ ಇಲ್ಲ. ಸಣ್ಣ ವಯಸ್ಸು, ಔಷಧ ತಗೊಂಡು ಸರಿಯಾಗಿ ಉಂಡ್ರ ಗಟ್ಟಿ ಆಕ್ಕಾವು."

ಅಳು ತಡೀಲಿಲ್ಲ, ಸೆರಗು ಮಾರಿಗೆ ಹಚ್ಚಿ ಅತ್ತಬಿಟ್ಟೆ. ಅಷ್ಟರಾಗ ಅವರು, "ತಂಬಾಕಿನ ಚಟ ಏನರ?" ಅಂದ್ರು.

"ಏನ್ ಕೇಳ್ತೀರಿ ಸಾಹೇಬ್ರ! ನಾ ಹಲ್ಲಿನ ದವಾಖಾನ್ಯಾಗ ಇರಾಕಿ. ನನ್ನ ಮಗಳಿಗೆ ತಂಬಾಕೇನ್ರಿ?"

ಮಗಳು ನೆಲಾ ನೋಡಿ ಸಣ್ಣ ದನಿಲೆ ಅಂದ್ಲು, "ಮಿಶ್ರಿ ತಿಕ್ತೇನ್ರಿ. ಅವ್ವನ ಡಬ್ಬ್ಯಾಗಿಂದ."

ಬಚ್ಚಲದಾಗ ಇಪ್ಪತ್ತು ಮಿನಿಟು ಏನು ನಡದಿತ್ತು ಅಂತ ಆಗ ತಿಳೀತು. ಬೈಯಾಕ ಬಾಯಿ ತಗದೆ. ಯಾರಿಗೆ ಬೈಯಲಿ? ಡಬ್ಬಿ ನಂದು. ಡಾಕ್ಟರು, "ಅದು ಬಾಯಿಗೂ ಕೆಟ್ಟ, ಎಲಬಿಗೂ ಕೆಟ್ಟ. ಇಬ್ಬರೂ ಬಿಡ್ರಿ. ಮೊದಲ ಬಾಯಿ ತೋರಸ್ರಿ" ಅಂತ ಚೀಟಿ ಬರದ್ರು. ಮನಿಗೆ ಬಂದು ಡಬ್ಬಿ ಗಟಾರಕ್ಕ ಚೆಲ್ಲಿದೆ.

ಮರುದಿನ, ಒಂಬತ್ತು ವರ್ಷ ನಾ ಒರಸಿದ ಕುರ್ಚಿ ಮ್ಯಾಲ ನಾನ ಮಲಗಿದೆ. ಮಗಳು ಬಾಜೂಕ ನಿಂತಿದ್ಲು. ಡಾಕ್ಟರ್ ಬಾಯಾರು ನನ್ನ ಬಾಯಾಗ ಕನ್ನಡಿ ಇಟ್ಟು, "ದಿನಕ್ಕ ಎಷ್ಟು ಸರ್ತಿ ಮಿಶ್ರಿ ತಿಕ್ಕತಿದ್ದಿ?" ಅಂದ್ರು. ಬಾಯಿ ತಗದಾಕಿ ಹೆಂಗ ಮಾತಾಡ್ಲಿ? ನಾಚಿಕಿಲೆ ಎರಡು ಬೆರಳು ತೋರಿಸಿದೆ.

"ಸುಳ್ಳು ಹೇಳಬ್ಯಾಡವ್ವಾ, ಡಾಕ್ಟರ್ ಮುಂದ!" ಅಂತ ಮಗಳು ಎಡಗೈ ಎತ್ತಿ ಐದೂ ಬೆರಳು ಬಿಡಿಸಿದ್ಲು. ಆಮ್ಯಾಲ ಪ್ಲಾಸ್ಟರ್ ಹಾಕಿದ ಕೈ ನೋಡ್ಕೊಂಡು ಅಂದ್ಲು:

"ಉಳದದ್ದು ತೋರಸಾಕ ಈ ಕೈ ಏಳವಲ್ತ್ರಿ ಬಾಯಾರ."