ದೊಡ್ಡದಾದ ಎಂಜಿನ್, ನಿಧಾನವಾದ ಕಾರು

ಮಾಘ ಶುದ್ಧ ದಶಮಿ, ಗುರುವಾರ, ಬೆಳಿಗ್ಗೆ ಆರು ಗಂಟೆ. ಕೋಲಾರದ ನಮ್ಮ ಮನೆಯ ಮುಂದೆ ಹಾಜರಿದ್ದವರು: ನಾನು, ನನ್ನ ಹೆಂಡತಿ ಸೀತಮ್ಮ, ದಾರಿಗಿರಲಿ ಎಂದು ಕರೆಸಿಕೊಂಡ ಮೆಕ್ಯಾನಿಕ್ ಗೌಸ್ ಸಾಹೇಬರು ಮತ್ತು ಕಾರಿನ ಹಿಂದಿನ ಸೀಟಿನಲ್ಲಿ ಹುಲ್ಲು ಸುತ್ತಿಕೊಂಡು ಕೂತಿದ್ದ ಕಲ್ಲಿನ ಗಣಪತಿ. ಹಾಜರಿ ಹಿಡಿಯದೆ ಯಾವ ಕೆಲಸವನ್ನೂ ಶುರುಮಾಡಲು ನನಗೆ ಬರುವುದಿಲ್ಲ. ಹೆಡ್‌ಮಾಸ್ತರನಾಗಿದ್ದಷ್ಟು ಕಾಲವೂ ಶಾಲೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟು, ಹುಡುಗರು ಏದುಸಿರು ಬಿಡುತ್ತ ಓಡಿಬರುವುದನ್ನು ಗೇಟಿನಲ್ಲಿ ನಿಂತು ನೋಡಿ ಸಂತೋಷಪಟ್ಟವನು ನಾನು. ಹೊತ್ತಿಗೆ ಸರಿಯಾಗಿ ಬಾರದ ಮನುಷ್ಯ ಬಂದೂ ಬಾರದ ಹಾಗೆ ಎನ್ನುವುದು ನನ್ನ ಸಿದ್ಧಾಂತ. ಕಾರು ಕೊಂಡ ಮೇಲೆ ಈ ಸಿದ್ಧಾಂತವನ್ನು ಜೋರಾಗಿ ಹೇಳುವುದನ್ನು ಮಾತ್ರ ಕಡಿಮೆ ಮಾಡಿದ್ದೆ.

ಏಕೆಂದರೆ ನನ್ನ ಕಾರಿಗೆ ಸಿದ್ಧಾಂತಗಳಿರಲಿಲ್ಲ. ಹೋದ ವರ್ಷ ಭಾವಮೈದುನ ವೆಂಕಟೇಶನನ್ನು ಕೂರಿಸಿಕೊಂಡು ಮುಳಬಾಗಿಲಿಗೆ ಹೊರಟಾಗ ಏರಿನಲ್ಲಿ ನೀಲಿ ಹೊಗೆ ಉಗುಳಿ ನಿಂತುಬಿಟ್ಟಿತು. ವೆಂಕಟೇಶ ರೇಷ್ಮೆ ಪಂಚೆ ಎತ್ತಿ ಕಟ್ಟಿ ತಳ್ಳಿದ. ಅಂದಿನಿಂದ ಅವನು ತನ್ನ ಊರು ಗೌನಿಪಲ್ಲಿಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಬಾವನ ಕಾರಿಗೆ ಪೆಟ್ರೋಲ್ ಬೇಡ ಕಣ್ರೋ, ಬಾಮೈದ ಇದ್ರೆ ಸಾಕು" ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಈಗ ಅವನು ಊರಲ್ಲಿ ಕಟ್ಟಿಸಿದ ಗುಡಿಗೆ ಮೂರ್ತಿ ಬೇಕಾಯಿತು. ಮಾಲೂರು ಸೀಮೆಯ ಶಿವಾರಪಟ್ಟಣದ ಆಚಾರಿ ಅದನ್ನು ಕಡೆದು ಹಿಂದಿನ ದಿನವೇ ನಮ್ಮ ಜಗಲಿಗೆ ತಂದಿಳಿಸಿದ್ದ. "ಬಂಡಿ ಕಳಿಸ್ತೀನಿ ಬಾವ" ಎಂದು ವೆಂಕಟೇಶ ಹೇಳಿದ್ದ. "ಬೇಡ, ಎಂಟೂವರೆಯ ಮುಹೂರ್ತಕ್ಕೆ ಕಾರಿನಲ್ಲೇ ತರುತ್ತೇನೆ" ಎಂದು ನಾನು ಮಾತು ಕೊಟ್ಟಿದ್ದೆ. ಮಾವನ ಮನೆಯವರೆದುರು ಕೊಟ್ಟ ಮಾತು. ತಪ್ಪಿದರೆ ಬದುಕಿರುವವರೆಗೂ ಆ ಊರಲ್ಲಿ ನನ್ನ ಎಲೆಗೆ ಪಾಯಸದ ಜೊತೆ ಈ ಕಥೆಯನ್ನೂ ಬಡಿಸುತ್ತಾರೆ.

ಆ ಧೈರ್ಯ ಬಂದದ್ದು ಗೌಸ್ ಸಾಹೇಬರಿಂದ. ಅವರು ಎಂಜಿನ್ ಬಿಚ್ಚಿ ನೋಡಿ, "ಸಿಲಿಂಡರ್ ಸವೆದು ಮೊಟ್ಟೆ ಥರಾ ಆಗಿದೆ ಸಾಬ್. ಬೋರ್ ಹೊಡೆದು ದುಂಡಗೆ ಮಾಡ್ಬೇಕು, ದೊಡ್ಡ ಪಿಸ್ಟನ್ ಹಾಕ್ಬೇಕು" ಎಂದಿದ್ದರು. ದೊಡ್ಡ ಎನ್ನುವ ಮಾತು ನನಗೆ ಹಿಡಿಸಿತು. ರಾತ್ರಿ ಊಟದ ಹೊತ್ತಿಗೆ ಸೀತಮ್ಮನಿಗೆ ಪಾಠ ಶುರುಮಾಡಿದೆ. ಪಿಸ್ಟನ್ ಒಂದು ಸಲ ಕೆಳಗಿಳಿದಾಗ ಖಾಲಿ ಮಾಡುವ ಜಾಗವೇ ಎಂಜಿನ್ನಿನ ಹೊಟ್ಟೆ. ಕೊಳವೆಯ ಅಗಲ ಬೋರ್, ಪಿಸ್ಟನ್ ಓಡಾಡುವ ಉದ್ದ ಸ್ಟ್ರೋಕ್. ಉದ್ದ ಎರಡರಷ್ಟಾದರೆ ಹೊಟ್ಟೆ ಎರಡರಷ್ಟು. ಅಗಲ ಎರಡರಷ್ಟಾದರೆ ನಾಲ್ಕರಷ್ಟು!

"ಗೊತ್ತು ಬಿಡಿ. ಅಗಲದ ತಪ್ಪಲೆಗೆ ಎಷ್ಟು ಹುಳಿ ಸುರಿದರೂ ತುಂಬಲ್ಲ" ಎಂದಳು. "ನಿಮ್ಮದು ಎಷ್ಟು ಅಗಲ ಆಯ್ತು?"

ಅದು ಬೆರಳಿನ ಉಗುರಿನ ದಪ್ಪದಷ್ಟು. ಲೆಕ್ಕ ಹಾಕಿದರೆ ಹೊಟ್ಟೆ ಹೆಚ್ಚಿದ್ದು ನೂರಕ್ಕೆ ಮೂರೂವರೆ. "ಮೂರೂವರೆಗೆ ಇಷ್ಟು ಗಲಾಟೆಯಾ? ಉದ್ದಾನೂ ಸ್ವಲ್ಪ ಎಳೆಸಬಾರದಿತ್ತಾ?" ಎಂದಳು. ಮರುದಿನ ಅದನ್ನೇ ನನ್ನ ಪ್ರಶ್ನೆ ಎಂಬಂತೆ ಗೌಸ್ ಸಾಹೇಬರ ಮುಂದಿಟ್ಟೆ. ಅವರು ನಕ್ಕು, "ಉದ್ದ ಮಾಡ್ಬೇಕಂದ್ರೆ ಪಿಸ್ಟನ್ ಆಡಿಸೋ ಕ್ರ್ಯಾಂಕೇ ಬೇರೆ ಬೇಕು ಸಾಬ್. ಇಲ್ದಿದ್ರೆ ಪಿಸ್ಟನ್ ಮೇಲೆ ಹೋಗಿ ತಲೆ ಚಚ್ಕೊಳ್ಳುತ್ತೆ" ಎಂದರು. ಕೆಲಸ ಮುಗಿಸಿ ಕಾರನ್ನು ಒಪ್ಪಿಸುವಾಗ ಬೆರಳೆತ್ತಿ ಹೇಳಿದರು: "ಪಿಸ್ಟನ್ ಹೊಸದು, ಬಿಗಿ ಇರುತ್ತೆ. ಮೊದಲ ಐನೂರು ಮೈಲಿ, ಗಂಟೆಗೆ ಹದಿನೈದರ ಮೇಲೆ ಹೋಗ್ಲೇಬಾರ್ದು."

ನಿಯಮ ಎಂದರೆ ನನಗೆ ನಿಯಮ. ಹೀಗಾಗಿ ಶಕ್ತಿ ಹೆಚ್ಚಿಸಿಕೊಂಡ ನನ್ನ ಕಾರು ಆ ಬೆಳಿಗ್ಗೆ ಹಿಂದೆಂದಿಗಿಂತ ನಿಧಾನವಾಗಿ ಹೊರಟಿತು. ನನ್ನ ಒಂದು ಕಣ್ಣು ವೇಗದ ಮುಳ್ಳಿನ ಮೇಲೆ, ಇನ್ನೊಂದು ಜೇಬಿನ ಗಡಿಯಾರದ ಮೇಲೆ. ರಸ್ತೆಯನ್ನು ಗಣಪತಿಗೆ ಬಿಟ್ಟಿದ್ದೆ. ಎಂಜಿನ್ ಬಿಸಿಯಾದಾಗಲೆಲ್ಲ ನಿಲ್ಲಿಸಿ ಆರಿಸಬೇಕಾಗಿತ್ತು. ನಿಂತಲ್ಲೆಲ್ಲ ನಾನು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದೆ. ಶ್ರೀನಿವಾಸಪುರದ ಹತ್ತಿರ ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡವನೊಬ್ಬ ನಮ್ಮನ್ನು ದಾಟಿ, ತಿರುಗಿ ನೋಡಿ, "ಏನ್ ಸ್ವಾಮೀ, ಮದುವೆ ಮೆರವಣಿಗೇನಾ? ಗಂಡೆಲ್ಲಿ?" ಎಂದ.

"ಸ್ವಲ್ಪ ಒತ್ತೀಂದ್ರೆ" ಎಂದಳು ಸೀತಮ್ಮ.

"ಐನೂರು ಮೈಲಿ ಆಗಲಿ."

"ಐನೂರು ಮೈಲಿಗೆ ಕಾಶಿಯ ಅರ್ಧ ದಾರಿ ಬರುತ್ತೆ. ನಾವು ಹೊರಟಿರೋದು ಗೌನಿಪಲ್ಲಿಗೆ!"

ಶ್ರೀನಿವಾಸಪುರ ದಾಟಿದಾಗ ಎಂಟು ಹೊಡೆದಿತ್ತು. ಇದೇ ನಡಿಗೆಯಲ್ಲಿ ಹೋದರೆ ಮುಹೂರ್ತ ಮೀರುವುದು ಖಂಡಿತ. ಮುಂದೆ ಏರು ಬೇರೆ. ಹಿಂದೆ ಮೂರ್ತಿಯನ್ನು ತಬ್ಬಿ ಕೂತಿದ್ದ ಗೌಸ್ ಸಾಹೇಬರಿಗೇ ತಾಳ್ಮೆ ಕೆಟ್ಟಿತು.

"ಒತ್ತಿ ಸಾಬ್, ಇಪ್ಪತ್ತೈದಕ್ಕೆ ಹೋಗ್ಲಿ, ಏನೂ ಆಗಲ್ಲ!"

"ಹದಿನೈದು ಅಂದವರು ನೀವೇ ಅಲ್ಲವೇ?"

"ಅಯ್ಯೋ, ಹದಿನೈದು ಅಂದ್ರೆ ಜನ ಇಪ್ಪತ್ತೈದು ಓಡಿಸ್ತಾರೆ. ಅದಕ್ಕೇ ಎಲ್ರಿಗೂ ಹದಿನೈದು ಅಂತೀನಿ. ನೀವು ಹದಿನೈದೇ ಓಡಿಸ್ತೀರ ಅಂತ ನಂಗೇನ್ರೀ ಗೊತ್ತು!"

ಇಂಥ ಮೋಸ ಸಹಿಸಲಾರದ್ದು ಎನಿಸಿತು. ಆದರೂ ಒತ್ತಿದೆ. ಜೀವಮಾನದಲ್ಲಿ ನಿಯಮ ಮೀರದ ಕಾಲು ಇಂಚಿಂಚಾಗಿ ಕೆಳಗಿಳಿಯಿತು. ನೂರಕ್ಕೆ ಮೂರೂವರೆ ಹಿಗ್ಗಿದ ಆ ಹೊಟ್ಟೆ ಒಮ್ಮೆ ಗುಡುಗಿ, ಹೊಗೆಯಿಲ್ಲದೆ, ತಳ್ಳುವವರಿಲ್ಲದೆ ಏರನ್ನು ಹತ್ತಿಬಿಟ್ಟಿತು. ಒಳಗೆ ಪಿಸ್ಟನ್ನುಗಳು ನನ್ನನ್ನು ಶಪಿಸುತ್ತಿವೆ ಎಂದುಕೊಳ್ಳುತ್ತಲೇ ಮಾವಿನ ತೋಪುಗಳನ್ನು ಹಿಂದೆ ಹಾಕಿ, ಎಂಟೂವರೆಗೆ ಎರಡು ನಿಮಿಷವಿರುವಾಗ ಗುಡಿಯ ಮುಂದೆ ನಿಲ್ಲಿಸಿದೆ.

ಗುಡಿಯ ಮುಂದೆ ನರಪಿಳ್ಳೆಯಿಲ್ಲ. ಪುರೋಹಿತರು ಬಾವಿಕಟ್ಟೆಯಲ್ಲಿ ಇನ್ನೂ ಸ್ನಾನಕ್ಕೆ ನೀರು ಸೇದುತ್ತಿದ್ದರು. ವೆಂಕಟೇಶ ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡೇ ಓಡಿಬಂದ.

"ಅಪ್ಪುಡೇ ವಚ್ಚಿನಾರಾ ಬಾವಾ! ಇಷ್ಟು ಬೇಗ ಬಂದ್ಬಿಟ್ರಾ?"

"ಮುಹೂರ್ತ ಎಂಟೂವರೆಗಲ್ಲವೇನೋ?"

ಅವನು ಅಕ್ಕನ ಮುಖ ನೋಡಿದ. ಸೀತಮ್ಮ ಗಣಪತಿಯ ಮೈಮೇಲಿನ ಹುಲ್ಲನ್ನು ಬಹಳ ಶ್ರದ್ಧೆಯಿಂದ ಆರಿಸತೊಡಗಿದಳು. "ಒಂಬತ್ತೂವರೆಗೆ ಬಾವ. ನಿಮಗೆ ಮಾತ್ರ ಒಂದು ಗಂಟೆ ಮುಂಚೆ ಹೇಳಿದ್ವಿ" ಎಂದು ಅವನು ಕಡ್ಡಿ ತೆಗೆದು ನಕ್ಕ. "ನೀವೇ ಕಲಿಸಿದ ಪಾಠ ಅಲ್ವಾ ಮೇಷ್ಟ್ರೇ? ನಿಮ್ಮ ಇಸ್ಕೂಲ್ ಗಡಿಯಾರ ನಂಬ್ಕೊಂಡು ನಾಲ್ಕು ವರ್ಷ ಓಡಿದೀನಿ ನಾನು."

ಹದಿನೈದರಲ್ಲೇ ಬಂದಿದ್ದರೂ ಮುಹೂರ್ತಕ್ಕೆ ಬೇಕಾದಷ್ಟು ಹೊತ್ತು ಉಳಿಯುತ್ತಿತ್ತು. ಮುರಿದ ನಿಯಮವನ್ನು ನೆನೆದು ಒಂದು ಗಂಟೆ ಗುಡಿಯ ಮುಂದೆ ಶತಪಥ ಹಾಕಿದೆ.

ಪ್ರತಿಷ್ಠೆ ಒಂಬತ್ತೂವರೆಗೆ ಸರಿಯಾಗಿ ಆಯಿತು. ಊಟ ಮುಗಿಸಿ, ಹದಿನೈದನ್ನು ಮೀರದೆ ಸಂಜೆಗೆ ಕೋಲಾರ ಸೇರಿದೆವು. ಗೌಸ್ ಸಾಹೇಬರು ಬಾನೆಟ್ ಎತ್ತಿ, ಎಂಜಿನ್ನಿಗೆ ಏನೂ ಆಗಿಲ್ಲ ಎಂದು ಹೇಳಿ ಮನೆಗೆ ಹೋದರು. ನಾನು ಕಾರಿಗೆ ಕಂಬಳಿ ಹೊದಿಸಿ ಒಳಗೆ ಬಂದು, ನಡುಮನೆಯ ಗಡಿಯಾರಕ್ಕೆ ಕೀಲಿ ಕೊಟ್ಟೆ. ಜೇಬಿನ ಗಡಿಯಾರದ ಜೊತೆ ಹೋಲಿಸಿ ನೋಡಿದರೆ ಅದು ಕಾಲು ಗಂಟೆ ಮುಂದಿತ್ತು. ಸೀತಮ್ಮ ಅಡಿಗೆಮನೆಯಿಂದ, "ಅದನ್ನ ಮುಟ್ಟಬೇಡಿ, ಅದು ನಿಮಗೋಸ್ಕರ ಇಟ್ಟಿರೋದು" ಎಂದಳು. ನಾನು ಮುಟ್ಟಲಿಲ್ಲ.