ನಾನು ಸತ್ತಿದ್ದೆ, ಕೀಲಿಕೈ ಕಿಸೆಯಲ್ಲಿತ್ತು

ಕೆಲವರಿಗೆ ಚಿನ್ನದ ಮೋಹ, ಕೆಲವರಿಗೆ ಕುರ್ಚಿಯ ಮೋಹ. ನನಗೆ ಕೀಲಿಕೈ ಮೋಹ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವವನು ನಾನು. ಸ್ಟ್ರೆಚರ್, ಬ್ಯಾಂಡೇಜು, ಆಕ್ಸಿಜನ್ ಸಿಲಿಂಡರ್ ಎಲ್ಲವೂ ನನ್ನ ಕೀಲಿಯ ಹಿಂದೆ. ದೊಡ್ಡ ದೊಡ್ಡ ಡಾಕ್ಟರುಗಳು ನನ್ನ ಬಾಗಿಲಿಗೆ ಬಂದು ಸ್ವಲ್ಪ ತೆಗೆಯಿರಿ ಎನ್ನುವಾಗ ಆಗುವ ಸುಖವನ್ನು ಬಾಯಿಬಿಟ್ಟು ಹೇಳಬಾರದು, ಹೇಳಿಬಿಟ್ಟೆ. ಮನೆಯ ತಿಜೋರಿಯ ಕೀಲಿಕೈ ಕೂಡ ನನ್ನ ಬಳಿಯೇ. ಅದರೊಳಗಿರುವುದು ಹಳೆಯ ಕೊಡೆ ಎಂಬುದು ಬೇರೆ ಮಾತು.

ಈಚೆಗೆ ನಮ್ಮಲ್ಲಿ ಮಾಕ್ ಡ್ರಿಲ್ ನಡೆಯಿತು. ಉಣಕಲ್ ಹತ್ತಿರ ಬಸ್ಸು ಉರುಳಿದೆ, ಗಾಯಾಳುಗಳು ಒಟ್ಟಿಗೆ ಬರುತ್ತಿದ್ದಾರೆ, ಎಲ್ಲ ವಿಭಾಗಗಳೂ ಕೂಡಿ ನಿಭಾಯಿಸಬೇಕು ಎಂಬುದು ಕಲ್ಪನೆ. ಗಾಯಾಳುಗಳಾಗಲು ಜನ ಸಾಲದೆ ನನ್ನನ್ನೂ ಮಲಗಿಸಿದರು. ಅಂಥ ಹೊತ್ತಿನಲ್ಲಿ ಉಗ್ರಾಣದವನಿಗೆ ಏನಾದರೂ ಕೆಲಸವಿದ್ದೀತು ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹಿರಿಯ ನರ್ಸ್ ಶಾಂತಕ್ಕ ನನ್ನ ಕೈಗೆ ಕಪ್ಪು ಚೀಟಿ ಕಟ್ಟಿ, "ನೀವು ತೀರಿಕೊಂಡೀರ್ರಿ ಸರ. ಎಲ್ಲಾ ಮುಗಿಯೂತನಕ ಮಾತಾಡಬ್ಯಾಡ್ರಿ" ಎಂದರು.

ಶಾಲೆಯ ನಾಟಕಗಳಲ್ಲಿ ಬರೀ ಪರದೆ ಎಳೆದವನು ನಾನು. ಸಿಕ್ಕ ಪಾತ್ರವನ್ನು ಮನಸಾರೆ ನಿರ್ವಹಿಸಿದೆ, ಉಸಿರನ್ನೂ ಸಣ್ಣಗೆ ಆಡಿದೆ. ಅಷ್ಟರಲ್ಲಿ ಹೊರಗಿದ್ದ ಆಕ್ಸಿಜನ್ ತೀರಿತು. ಉಗ್ರಾಣಕ್ಕೆ ಓಡಿದವರು ಬೀಗ ನೋಡಿ ಹಾಗೇ ಮರಳಿದರು. ಮೂಳೆ ವಿಭಾಗದವರು ಶಸ್ತ್ರಚಿಕಿತ್ಸೆಯವರನ್ನು ಕೇಳಿದರು, ಅವರು ಔಷಧ ವಿಭಾಗದವರನ್ನು. ಕೀಲಿಕೈ ಯಾರ ಬಳಿ ಎಂದು ಎಲ್ಲರೂ ಎಲ್ಲರನ್ನೂ ಕೇಳಿದರು, ನನ್ನನ್ನು ಬಿಟ್ಟು. ಸತ್ತವನನ್ನು ಏನೆಂದು ಕೇಳುತ್ತಾರೆ!

ತುರ್ತು ಎಂಬ ಕೆಂಪು ಚೀಟಿ ಕಟ್ಟಿಸಿಕೊಂಡು ಗಾಯಾಳುವಾಗಿದ್ದ ನಮ್ಮ ಕ್ಯಾಶಿಯರ್ ಪಾಟೀಲರು ಆಕ್ಸಿಜನ್ ಸಿಗದೆ ಕಪ್ಪು ಚೀಟಿಗೆ ಇಳಿದು ನನ್ನ ಪಕ್ಕಕ್ಕೆ ಬಂದು ಮಲಗಿದರು. ಮಲಗಿದವರೇ ಪಿಸುಗುಟ್ಟಿದರು: "ಕೀಲಿಕೈ ನಿಮ್ಮ ಕಿಸೇದಾಗ ಐತಲ್ರಿ. ನನ್ನ ಯಾಕ ಸಾಯಿಸಿದ್ರಿ?"

"ಸತ್ತವರು ಮಾತಾಡಬಾರದ್ರಿ" ಎಂದೆ.

ಆಮೇಲೆ ನಡೆದ ಸಭೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಇನ್ನೊಂದು ಕೀಲಿಕೈ ಮಾಡಿಸಿ ತುರ್ತು ಘಟಕದ ಗೋಡೆಗೆ ತೂಗುಹಾಕಬೇಕೆಂದು ಎಲ್ಲ ವಿಭಾಗಗಳೂ ಒಂದೇ ದನಿಯಲ್ಲಿ ಹೇಳಿದವು. ನಮ್ಮಲ್ಲಿ ಅಷ್ಟು ಒಗ್ಗಟ್ಟನ್ನು ನಾನು ಕಂಡೇ ಇರಲಿಲ್ಲ. ಮೊದಲು ಹೊಟ್ಟೆ ಉರಿಯಿತು. ಆದರೆ ಉರುಳಿದ್ದು ಖರೆ ಬಸ್ಸಾಗಿದ್ದರೆ, ಪಾಟೀಲರು ಖರೇನೇ ಹೋಗಿದ್ದರೆ ಎಂದು ನೆನೆದೆ. ಸುಮ್ಮನೆ ಒಪ್ಪಿಕೊಂಡೆ.

ಈಗ ಕೀಲಿಕೈ ಮೊಳೆಗೆ ನೇತಾಡುತ್ತಿದೆ, ನನ್ನ ಬಾಗಿಲಿಗೆ ಯಾವ ಡಾಕ್ಟರೂ ಬರುವುದಿಲ್ಲ. ಒಂದು ಸಂಜೆ ಹೆಂಡತಿಯ ಮುಂದೆ ಸಂಕಟ ತೋಡಿಕೊಂಡೆ. ಅವಳು ಪೂರ್ತಿ ಕೇಳಿ, ಮೆಲ್ಲಗೆ ಕೈಚಾಚಿ, "ಹಂಗಾರ ತಿಜೋರಿ ಕೀಲಿಕೈನೂ ಕೊಡ್ರಿ" ಎಂದಳು.

ನಾನು ಕಣ್ಣು ಮುಚ್ಚಿ, ಉಸಿರನ್ನು ಸಣ್ಣಗೆ ಮಾಡಿಕೊಂಡು ಮಲಗಿಬಿಟ್ಟೆ.